ಮೊದಲು ಬಟ್ಟೆ ಒಣಹಾಕುವ ತಂತಿಯನ್ನು ಕೇಳಿ

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಶಾಲೆಯೊಂದರಲ್ಲಿ ಶಿಕ್ಷಕಿ. ಪೇಟೆಗೆ ಹೋಗಿ ಬರಲು ಅರ್ಧ ದಿನ ಹಿಡಿಯುವುದರಿಂದ ಈಚೆಗೆ ಬಟ್ಟೆಯೆಲ್ಲ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಮೇ ತಿಂಗಳಲ್ಲಿ ಬಂದ ‘ಪ್ಯೂರ್ ಕಾಟನ್’ ಕುರ್ತಾ ಮೊದಲ ಒಗೆತಕ್ಕೇ ಎರಡು ಇಂಚು ಗಿಡ್ಡವಾಯಿತು. ರೇಯಾನ್ ಕುರ್ತಾಗಳು ಮಳೆ ಹಿಡಿದ ಮೇಲೆ ಮೂರು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ. ‘ಸಾಫ್ಟ್ ಸಿಲ್ಕ್’ ಎಂದು ಕೊಂಡ ಸೀರೆ ನಿಜವಾಗಿ ರೇಷ್ಮೆಯೋ ಅಲ್ಲವೋ ತಿಳಿಯುತ್ತಿಲ್ಲ. ನವೆಂಬರಿನಲ್ಲಿ ತಮ್ಮನ ಮದುವೆ. ಮುಟ್ಟಿ ನೋಡಲಾಗದ ಬಟ್ಟೆಯನ್ನು ಆರಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಮಾರಿದವರ ತಪ್ಪು ಅಂತ ಇದ್ದರೆ ಅದು ಸೀರೆಯ ವಿಷಯದಲ್ಲಿ ಮಾತ್ರ. ಕುರ್ತಾ ಗಿಡ್ಡವಾದದ್ದು ಹತ್ತಿಯ ಸ್ವಭಾವ, ರೇಯಾನ್ ಒಣಗದಿರುವುದು ಮೂಡಿಗೆರೆಯ ಸ್ವಭಾವ. ಅದೇ ರೇಯಾನ್ ಕುರ್ತಾವನ್ನು ನಿಮ್ಮದೇ ಜಿಲ್ಲೆಯ ಕಡೂರಿನಲ್ಲಿ ಒಬ್ಬರು ತರಿಸಿಕೊಂಡಿದ್ದರೆ ಐದು ನಕ್ಷತ್ರ ಒತ್ತಿ ‘ಮೈಗೆ ತಂಪು, ತುಂಬಾ ಚೆನ್ನಾಗಿದೆ’ ಎಂದು ಬರೆದಿರುತ್ತಾರೆ. ಅದನ್ನು ಓದಿ ನೀವು ಕೊಂಡಿರುತ್ತೀರಿ. ಅವರು ಬರೆದದ್ದೂ ನಿಜ, ನಿಮ್ಮ ಮನೆಯ ಮುಗ್ಗಲು ವಾಸನೆಯೂ ನಿಜ.

ಆನ್‌ಲೈನ್ ಅಂಗಡಿಗಳಿಗೆ ಗೊತ್ತಿರುವುದು ಎರಡೇ ಋತು, ಸಮ್ಮರ್ ಮತ್ತು ವಿಂಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರುಗಳಿವೆ, ಅಲ್ಲಿಯ ಜನ ದಿನಾ ಬಟ್ಟೆ ಬದಲಿಸಿ ಕೆಲಸಕ್ಕೆ ಹೋಗುತ್ತಾರೆ ಎಂಬುದು ಆ ಕ್ಯಾಲೆಂಡರಿನಲ್ಲಿಲ್ಲ. ಮಳೆಗಾಲ ಎಂದು ಹುಡುಕಿದರೆ ಛತ್ರಿ ಮತ್ತು ರೈನ್‌ಕೋಟ್ ತೋರಿಸುತ್ತವೆ. ಅದಕ್ಕೇ ನನ್ನನ್ನು ಕೇಳುವವರಿಗೆಲ್ಲ ಹೇಳುವುದು ಇದು: ಫೋಟೋ ನೋಡುವ ಮುಂಚೆ ನಿಮ್ಮ ಮನೆಯ ತಂತಿಯನ್ನು ನೆನೆಸಿಕೊಳ್ಳಿ. ಅದು ಅಂಗಳದಲ್ಲಿದೆಯೋ, ಜಗಲಿಯಲ್ಲಿದೆಯೋ, ಬಚ್ಚಲ ಒಲೆಯ ಮೇಲಿದೆಯೋ? ಬಟ್ಟೆಯ ಅರ್ಧ ಆಯ್ಕೆ ಅಲ್ಲೇ ಆಗಿಹೋಗುತ್ತದೆ.

ಯಾಕೆಂದರೆ ಒಂದೊಂದು ಎಳೆಗೂ ನೀರಿನ ಜೊತೆ ಬೇರೆ ಬೇರೆ ಸಂಬಂಧ. ನಾನು ಹಾಸನದಲ್ಲಿ ಹಾಸಿಗೆ ಬಟ್ಟೆ ನೇಯುವ ಗಿರಣಿಯೊಂದರ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ದುಡಿದವನು. ಅಲ್ಲಿ ಗಾಳಿಯ ತೇವಾಂಶವನ್ನು ಶೇ 65ಕ್ಕೆ ನಿಲ್ಲಿಸಿದ ಕೋಣೆ ಇರುತ್ತಿತ್ತು. ಅಂಥ ಕೋಣೆಯಲ್ಲಿ ಪೂರ್ತಿ ಒಣಗಿಸಿದ 100 ಗ್ರಾಂ ಹತ್ತಿ ಬಟ್ಟೆ ಇಟ್ಟರೆ ಬರೀ ಗಾಳಿಯಿಂದಲೇ ಸುಮಾರು 7ರಿಂದ 8 ಗ್ರಾಂ ನೀರು ಹೀರಿಕೊಳ್ಳುತ್ತದೆ. ರೇಷ್ಮೆಯಾದರೆ ಸುಮಾರು 11 ಗ್ರಾಂ, ರೇಯಾನ್ 11ರಿಂದ 13, ಉಣ್ಣೆ ಇನ್ನೂ ಹೆಚ್ಚು. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಇದು ಶೇ 65ರ ಮಾತು. ಜುಲೈ ತಿಂಗಳ ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇ 90 ದಾಟಿರುತ್ತದೆ. ಗಾಳಿಗೇ ನೀರು ಬೇಡವಾಗಿರುವಾಗ ಬಟ್ಟೆ ತನ್ನ ನೀರನ್ನು ಯಾರಿಗೆ ಕೊಡಬೇಕು?

ರೇಯಾನಿನ ಕಷ್ಟ ಇನ್ನೊಂದು. ನೀರಿಗೆ ಬಿದ್ದರೆ ಅದರ ಎಳೆ ಉಬ್ಬಿಕೊಳ್ಳುತ್ತದೆ. ಚೆನ್ನಾಗಿ ಹಿಂಡಿದ ಮೇಲೂ ಹತ್ತಿ ಹಿಡಿದಿಟ್ಟುಕೊಳ್ಳುವ ನೀರಿನ ಹತ್ತಿರ ಹತ್ತಿರ ಎರಡರಷ್ಟು ಅದರಲ್ಲಿ ಉಳಿದಿರುತ್ತದೆ. ರೇಯಾನ್ ಅಂದರೆ ಪ್ಲಾಸ್ಟಿಕ್ ಎಂದುಕೊಂಡವರು ಬಹಳ ಜನ. ಅದು ಮರ. ನೀಲಗಿರಿಯಂಥ ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆಯಾಗಿ ತೆಗೆದದ್ದು. ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ದಶಕಗಳಿಂದ ಈ ಕೆಲಸ ನಡೆದಿದೆ. ವಿಸ್ಕೋಸ್ ಎಂದರೂ ಇದೇ. ಮರದ ಮಗನಾದ್ದರಿಂದ ಬೂಷ್ಟಿಗೆ ಹತ್ತಿಯಷ್ಟೇ ಇದೂ ಒಳ್ಳೆಯ ಊಟ.

ಇದು ಪಾಲಿಯೆಸ್ಟರ್ ಪರವಾದ ವಕಾಲತ್ತು ಅಂದುಕೊಳ್ಳಬೇಡಿ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಸರಿ. ಆದರೆ ಮೈಯ ಜಿಡ್ಡನ್ನೂ ಬೆವರಿನ ವಾಸನೆಯನ್ನೂ ಬಿಟ್ಟುಕೊಡುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ತಂತಿಗೆ ಹಾಕುವ ರೂಢಿಯೂ ಇದೆಯಲ್ಲ. ಅಲ್ಲಿಂದ ಒಂದು ಕಿಡಿ ಹಾರಿದರೆ ಹತ್ತಿಯಲ್ಲಿ ಕಂದು ಚುಕ್ಕಿ ಬೀಳಬಹುದು, ಪಾಲಿಯೆಸ್ಟರಿನಲ್ಲಿ ಕರಗಿ ತೂತು ಬೀಳುವುದು ಖಂಡಿತ.

ಹಾಗಾದರೆ ಏನು ಕೊಳ್ಳಬೇಕು? ಮಳೆಗಾಲದ ಶಾಲೆ-ಕಚೇರಿ ಬಟ್ಟೆಗೆ ನನ್ನ ಮೊದಲ ಆಯ್ಕೆ ತೆಳು ಹತ್ತಿ. ಎರಡನೆಯದು ಹತ್ತಿ ಮತ್ತು ಪಾಲಿಯೆಸ್ಟರ್ ಬೆರಸಿದ್ದು, ನಮ್ಮ ಹಿರಿಯರು ಟೆರಿಕಾಟ್ ಎನ್ನುತ್ತಿದ್ದರಲ್ಲ, ಅದು. ಮಕ್ಕಳ ಯೂನಿಫಾರಂ ಹೆಚ್ಚಾಗಿ ಅದರಲ್ಲೇ ಇರುತ್ತಿದ್ದುದಕ್ಕೆ ಕಾರಣವೂ ಇದೇ. ಲಿನನ್ ಕೈಗೆಟುಕಿದರೆ ಅದು ಹತ್ತಿಗಿಂತ ಬೇಗ ಒಣಗುತ್ತದೆ. ಚಳಿ ಅನ್ನಿಸಿದರೆ ದಪ್ಪದ್ದೊಂದು ಹಾಕುವ ಬದಲು ತೆಳುವಾದ ಎರಡು ಹಾಕಿ, ಬಿಡಿಬಿಡಿಯಾಗಿ ಒಣಗುತ್ತವೆ. ಜೀನ್ಸ್, ದಪ್ಪ ಖಾದಿ, ರೇಯಾನ್ ಇವು ಮೂರನ್ನೂ ಜೂನ್ ಮೊದಲ ವಾರ ಬೀರುವಿಗೆ ಸೇರಿಸಿ ದೀಪಾವಳಿಗೆ ಹೊರತೆಗೆಯಿರಿ. ಕಡೂರು, ಬೀರೂರು, ಅರಸೀಕೆರೆ ಕಡೆಯವರಿಗೆ ಈ ಕಟ್ಟುಪಾಡು ಬೇಕಿಲ್ಲ. ಅವರು ರೇಯಾನ್ ಧಾರಾಳವಾಗಿ ಹಾಕಲಿ.

ಈಗ ತೆಳು ಅಂದರೆ ಎಷ್ಟು ತೆಳು ಎನ್ನುವುದು. ಅಂಗಡಿಯಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯ ಅಂಚು ಹಿಡಿದು ಉಜ್ಜಿದರೆ ತಿಳಿಯುವುದು ಇಲ್ಲಿ ಜಿಎಸ್ಎಂ ಎಂಬ ಅಂಕಿಯಲ್ಲಿದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮಲ್‌ಮಲ್ ಸುಮಾರು 50ರಿಂದ 70, ಕುರ್ತಾ ಹೊಲಿಯುವ ಹತ್ತಿ 90ರಿಂದ 140, ಟಿ-ಶರ್ಟ್ 160ರಿಂದ 200, ಜೀನ್ಸ್ 300ರ ಮೇಲೆ. ನಿಮಗೆ ಮಳೆಗಾಲಕ್ಕೆ 120ರ ಒಳಗಿರಲಿ, 80ರ ಕೆಳಗಿಳಿದರೆ ಒಳಗೆ ಲೈನಿಂಗ್ ಬೇಕು. ಲೈನಿಂಗ್ ಇದ್ದರೆ ಮತ್ತೆ ಒಣಗುವುದು ತಡ, ಮರೆಯಬೇಡಿ.

ಸೀರೆಗಳಿಗೆ ಜಿಎಸ್ಎಂ ಬರೆಯುವವರು ಕಡಿಮೆ. ಆದರೆ ವಿವರಗಳ ಕೆಳಗೆಲ್ಲೋ ಒಟ್ಟು ತೂಕ ಕೊಟ್ಟಿರುತ್ತಾರೆ. ಸೀರೆ ಐದೂವರೆ ಮೀಟರ್, ರವಿಕೆ ಕಣ 80 ಸೆಂಟಿಮೀಟರ್, ಪನ್ನ ಸುಮಾರು 45 ಇಂಚು, ಒಟ್ಟು ಏಳು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ತೂಕವನ್ನು ಏಳರಿಂದ ಭಾಗಿಸಿ. 500 ಗ್ರಾಂ ಎಂದಿದ್ದರೆ 70ರ ಹತ್ತಿರ, ಹಗುರವಾದ ಸೀರೆ. 900 ಗ್ರಾಂ ಇದ್ದರೆ ಇಡೀ ದಿನ ಉಟ್ಟು ಪಾಠ ಮಾಡುವುದು ಕಷ್ಟ. ಡಬ್ಬಿಯ ತೂಕವೂ ಸೇರಿರಬಹುದು, ಅಷ್ಟು ಬಿಟ್ಟುಕೊಂಡು ಲೆಕ್ಕ ಹಾಕಿ.

ಇನ್ನೊಂದು ಅಂಕಿ ನೂಲಿನ ಕೌಂಟ್. 60 ಕೌಂಟ್, 80 ಕೌಂಟ್ ಎಂದು ಬರೆದಿರುತ್ತಾರೆ. ಒಂದು ಪೌಂಡ್ ಹತ್ತಿಯಿಂದ 840 ಗಜ ಉದ್ದದ ಎಷ್ಟು ಲಡಿ ನೂಲು ತೆಗೆದರು ಎಂಬ ಹಳೆಯ ಲೆಕ್ಕ ಅದು. 60 ಕೌಂಟ್ ಅಂದರೆ ಅರ್ಧ ಕಿಲೋಗೂ ಕಡಿಮೆ ಹತ್ತಿಯಿಂದ 46 ಕಿಲೋಮೀಟರ್ ನೂಲು, ಹಾಸನದಲ್ಲಿ ತುದಿ ಹಿಡಿದರೆ ಬೇಲೂರು ದಾಟುತ್ತದೆ. ಅಂಕಿ ಏರಿದಷ್ಟೂ ನೂಲು ನಯ. ಇದನ್ನು ಬೆಡ್‌ಶೀಟಿನ ಥ್ರೆಡ್ ಕೌಂಟ್ ಜೊತೆ ಬೆರೆಸಬೇಡಿ. ಅದು ಒಂದು ಚದರ ಇಂಚಿನಲ್ಲಿ ಹಾಸು-ಹೊಕ್ಕು, ಅಂದರೆ ಉದ್ದದ ಎಳೆ ಮತ್ತು ಅಡ್ಡದ ಎಳೆ, ಸೇರಿ ಎಷ್ಟು ಎಳೆ ಎಂಬುದು. ಸಾವಿರ ಥ್ರೆಡ್ ಕೌಂಟ್ ಎಂದು ಕೂಗುವವರು ಸಾಮಾನ್ಯವಾಗಿ ಹುರಿಗೊಳಿಸಿದ ನೂಲಿನ ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ಎಣಿಸಿರುತ್ತಾರೆ. ನನ್ನ ಹಾಸಿಗೆ ಮೇಲಿರುವುದು 300ರದ್ದು, ನಿದ್ದೆಗೇನೂ ಕಮ್ಮಿಯಿಲ್ಲ.

ಅಂಕಿಗಳಿಗಿಂತ ದಾರಿ ತಪ್ಪಿಸುವುದು ಹೆಸರು. ಬಟ್ಟೆಗೆ ಮೂರು ಥರದ ಹೆಸರುಗಳಿರುತ್ತವೆ, ಅಂಗಡಿಯವರು ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸುತ್ತಾರೆ. ಹತ್ತಿ, ರೇಷ್ಮೆ, ಉಣ್ಣೆ, ಲಿನನ್, ವಿಸ್ಕೋಸ್, ಪಾಲಿಯೆಸ್ಟರ್ ಇವು ಎಳೆಯ ಹೆಸರು. ಜಾರ್ಜೆಟ್, ಕ್ರೇಪ್, ಶಿಫಾನ್, ಸ್ಯಾಟಿನ್, ಪಾಪ್ಲಿನ್ ಇವು ನೂಲಿನ ಹುರಿಯಿಂದಲೋ ನೇಯ್ಗೆಯಿಂದಲೋ ಬಂದ ಹೆಸರು. ಜಾರ್ಜೆಟ್ ಹಿಂದೆ ರೇಷ್ಮೆಯದಾಗಿತ್ತು, ಈಗ ಸಾಮಾನ್ಯವಾಗಿ ಸಿಗುವುದೆಲ್ಲ ಪಾಲಿಯೆಸ್ಟರ್. ‘ಫ್ಯಾಬ್ರಿಕ್: ಜಾರ್ಜೆಟ್’ ಎಂದಷ್ಟೇ ಬರೆದಿದ್ದರೆ ಅವರು ನಿಮಗೆ ಏನನ್ನೂ ಹೇಳಿಲ್ಲ. ‘ಯಾವ ಊರಿನವರು’ ಎಂದು ಕೇಳಿದರೆ ‘ಪಂಚೆ ಉಡುವವರು’ ಎಂದ ಹಾಗೆ. ರವಿಕೆಗೆ ನಾವು ಕೇಳುವ ಟೂ ಬೈ ಟೂ ಕೂಡ ಇದೇ ಜಾತಿ, ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆಳೆ ಹುರಿ ಮಾಡಿದ ನೂಲು ಎಂದು ಅರ್ಥ. ಹತ್ತಿಯೇ ಎಂಬ ಭರವಸೆ ಅದರಲ್ಲಿಲ್ಲ.

ಮೂರನೆಯದು ಬರೀ ಮಾರಾಟದ ಹೆಸರು. ‘ಕಾಟನ್ ಫೀಲ್’, ‘ಸಿಲ್ಕಿ’, ‘ಸಾಫ್ಟ್ ಸಿಲ್ಕ್’, ‘ಆರ್ಟ್ ಸಿಲ್ಕ್’. ಕೊನೆಯದನ್ನು ನಮ್ಮ ಸಂಬಂಧಿಕರೊಬ್ಬರು ‘ಕಲಾತ್ಮಕ ರೇಷ್ಮೆ’ ಎಂದು ಅರ್ಥ ಮಾಡಿಕೊಂಡು ಮಗಳ ಸೀಮಂತಕ್ಕೆ ಮೂರು ತರಿಸಿದ್ದರು. ಆರ್ಟಿಫಿಶಿಯಲ್ ಎಂಬುದರ ಬಾಲ ಕತ್ತರಿಸಿದ್ದು ಅದು, ಕೃತಕ ರೇಷ್ಮೆ. ‘ಸಾಫ್ಟ್ ಸಿಲ್ಕ್’ ಎಂಬ ಹೆಸರಿನಲ್ಲಿ ನಿಜವಾದ ರೇಷ್ಮೆಯೂ ಇದೆ, ಪಾಲಿಯೆಸ್ಟರೂ ಇದೆ. ಹೆಸರು ಬಿಟ್ಟು ‘ಮೆಟೀರಿಯಲ್ ಕಾಂಪೊಸಿಷನ್’ ಎಂಬ ಸಾಲು ಹುಡುಕಿ. ಅಲ್ಲಿ ಶೇಕಡಾವಾರು ಅಂಕಿ ಇದ್ದರೆ ಮಾತ್ರ ಮುಂದಿನ ಮಾತು. ‘ಕಾಟನ್ ಬ್ಲೆಂಡ್’ ಎಂದು ಬರೆದು ಅಂಕಿ ಕೊಡದಿದ್ದರೆ ಹತ್ತಿ ಕಡಿಮೆ ಪಾಲು ಎಂದೇ ನಾನು ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಎರಡು ವರ್ಷದ ಹಿಂದೆ ‘ಲಿನನ್’ ಅಂಗಿ ತರಿಸಿ ಮೋಸ ಹೋದೆ. ನೂಲಿನಲ್ಲಿ ಅಲ್ಲಲ್ಲಿ ಗಂಟುಗಂಟು ಕಾಣುತ್ತಿತ್ತು, ಲಿನನ್ ಹಾಗೇ ಕಾಣುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಲಿನನ್ ಬಿಸಿಗೆ ತಿರುಗಿಸಿ ಬೆನ್ನ ಮೇಲಿಟ್ಟೆ. ತ್ರಿಕೋನಾಕಾರದ ಹೊಳೆಯುವ ಗುರುತು ಮೂಡಿತು, ಅಂಚು ಮುದುಡಿತು. ಅಪ್ಪಟ ಪಾಲಿಯೆಸ್ಟರ್. ಆಮೇಲೆ ಹೋಗಿ ಫೋಟೋ ನೋಡಿದರೆ ಉತ್ತರ ಅಲ್ಲೇ ಇತ್ತು. ರೂಪದರ್ಶಿ ಮೊಣಕೈ ಮಡಿಸಿ ಕುಳಿತಿದ್ದ, ಮೊಣಕೈ ಒಳಗಡೆ ಒಂದೇ ಒಂದು ಸುಕ್ಕಿರಲಿಲ್ಲ. ಸುಕ್ಕಿಲ್ಲದ ಲಿನನ್ ಭೂಮಿ ಮೇಲಿಲ್ಲ.

ಅಂದಿನಿಂದ ಫೋಟೋದಲ್ಲಿ ನಾನು ಮುಖ ನೋಡುವುದಿಲ್ಲ, ಮೊಣಕೈ, ಸೊಂಟ, ಮಂಡಿಯ ಹಿಂಭಾಗ ನೋಡುತ್ತೇನೆ. ಹತ್ತಿ ಮತ್ತು ಲಿನನ್ ಅಲ್ಲಿ ಚೂಪಾದ ಸುಕ್ಕು ತೋರಿಸುತ್ತವೆ, ರೇಯಾನ್ ನೀರಿನ ಹಾಗೆ ಜೋತುಬೀಳುತ್ತದೆ, ಪಾಲಿಯೆಸ್ಟರ್ ಉಬ್ಬಿ ನಿಲ್ಲುತ್ತದೆ ಅಥವಾ ಬೆಳಕು ಬಿದ್ದ ಕಡೆ ಬೆಳ್ಳಗೆ ಮಿಂಚುತ್ತದೆ. ಕೊಂಡವರು ಮನೆಯಲ್ಲಿ ತೆಗೆದು ಹಾಕಿದ ಫೋಟೋ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಭಿಪ್ರಾಯಗಳಲ್ಲಿ ಐದು ನಕ್ಷತ್ರ, ಒಂದು ನಕ್ಷತ್ರ ಎರಡನ್ನೂ ಬಿಟ್ಟು ಮೂರರದ್ದು ಓದಿ, ಅದರಲ್ಲೂ ‘ಒಗೆದ ಮೇಲೆ’ ಎಂದು ಶುರುವಾಗುವ ಸಾಲುಗಳನ್ನು. ಪೆಟ್ಟಿಗೆ ಬಿಚ್ಚಿದ ದಿನವೇ ಬರೆದ ಹೊಗಳಿಕೆ ಬಣ್ಣದ ಬಗ್ಗೆ ಮಾತ್ರ ಹೇಳುತ್ತದೆ.

ನಿಮ್ಮ ಸೀರೆಗೆ ಬರೋಣ. ಸೆರಗಿನ ಕುಚ್ಚಿನಿಂದಲೋ ಒಳ ಅಂಚಿನಿಂದಲೋ ಎರಡು ಎಳೆ ಬಿಡಿಸಿ, ಒಂದು ಹಾಸಿನದು, ಒಂದು ಹೊಕ್ಕಿನದು. ಎರಡೂ ಬೇಕು, ಯಾಕೆಂದರೆ ಹಾಸು ರೇಷ್ಮೆ ಹಾಕಿ ಹೊಕ್ಕು ಬೇರೆ ಹಾಕುವುದುಂಟು. ಸ್ಟೀಲ್ ತಟ್ಟೆಯ ಮೇಲೆ, ಚಿಮಟಿಗೆಯಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಪುಡಿಯಾಗುವುದಿಲ್ಲ. ಕಾಗದ ಸುಟ್ಟ ವಾಸನೆ ಬಂದು ಬೂದಿ ಮೆತ್ತಗೆ ಉದುರಿದರೆ ಅದು ಹತ್ತಿ ಅಥವಾ ರೇಯಾನ್.

ಹತ್ತಿಯೋ ರೇಯಾನೋ ಎಂಬುದನ್ನು ಬೆಂಕಿ ಹೇಳದು, ಎರಡೂ ಒಂದೇ ಥರ ಉರಿಯುತ್ತವೆ. ಅದಕ್ಕೆ ನಮ್ಮಪ್ಪನ ವಿದ್ಯೆ ಬೇಕು. ಬೇಲೂರಿನಲ್ಲಿ ಅವರದೊಂದು ಸಣ್ಣ ಬಟ್ಟೆ ಅಂಗಡಿ ಇತ್ತು. ಹೊಸ ಥಾನು ಬಂದರೆ ಒಂದು ಎಳೆ ಕಿತ್ತು, ನಡುವೆ ನಾಲಿಗೆಗೆ ತಾಗಿಸಿ, ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಒದ್ದೆಯಾದ ಜಾಗದಲ್ಲೇ ಪಟಕ್ಕನೆ ಹರಿದರೆ ರೇಯಾನ್. ಇದರ ಕಾರಣ ನನಗೆ ಗೊತ್ತಾದದ್ದು ಪ್ರಯೋಗಾಲಯಕ್ಕೆ ಸೇರಿದ ಮೇಲೆ. ಒದ್ದೆಯಾದಾಗ ರೇಯಾನಿನ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹತ್ತಿಯ ಬಲ ಏರುತ್ತದೆ. ಒಗೆಯುವ ಕಲ್ಲಿಗೆ ಎಷ್ಟು ಬಡಿದರೂ ಹತ್ತಿ ಸೀರೆ ವರ್ಷಗಟ್ಟಲೆ ಬಾಳುವುದಕ್ಕೂ, ರೇಯಾನ್ ಕುರ್ತಾ ಹಿಂಡಿದಲ್ಲೇ ಸೀಳುವುದಕ್ಕೂ ಇದೇ ಕಾರಣ.

ಮದುವೆಗೆ ರೇಷ್ಮೆ ಸೀರೆಯನ್ನು ಮಾತ್ರ ಆನ್‌ಲೈನ್‌ನಲ್ಲಿ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಒಂದು ದಿನ ರಜೆ ಹಾಕಿ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ. ಆಗುವುದೇ ಇಲ್ಲವೆಂದರೆ ಸಿಲ್ಕ್ ಮಾರ್ಕ್ ಇರುವುದನ್ನೇ ತೆಗೆದುಕೊಳ್ಳಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ನಡೆದಿರುವ ಗುರುತು ಅದು, ಚೀಟಿಯ ಮೇಲೆ ಹೋಲೋಗ್ರಾಂ ಮತ್ತು ಸಂಖ್ಯೆ ಇರುತ್ತದೆ. ಅದು ಖಾತ್ರಿ ಕೊಡುವುದು ರೇಷ್ಮೆಗೆ, ಜರಿಗಲ್ಲ. ಕೈಮಗ್ಗಕ್ಕೆ ಬೇರೆಯೇ ಹ್ಯಾಂಡ್‌ಲೂಮ್ ಮಾರ್ಕ್ ಇದೆ, 2006ರಿಂದ. ಮೈಸೂರು ರೇಷ್ಮೆ ಎಂದರೆ 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯದು, ಈಗ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮವಾದ ಕೆಎಸ್ಐಸಿ ಕೈಯಲ್ಲಿದೆ. ಬೇರೆಯವರು ‘ಮೈಸೂರ್ ಸಿಲ್ಕ್ ಟೈಪ್’ ಎಂದರೆ ಆ ‘ಟೈಪ್’ ಎಂಬ ಪದವನ್ನು ಎರಡು ಸಲ ಓದಿ. ಬೆಲೆಯೂ ಮಾತಾಡುತ್ತದೆ. ಕಚ್ಚಾ ರೇಷ್ಮೆ ನೂಲಿಗೇ ಕಿಲೋಗೆ ಹಲವು ಸಾವಿರ ರೂಪಾಯಿ ಇರುವಾಗ, ಅರ್ಧ ಕಿಲೋ ತೂಗುವ ಸೀರೆ 999ಕ್ಕೆ ಹೇಗೆ ಬರುತ್ತದೆ?

ತಂದ ಬಟ್ಟೆಯ ಪರೀಕ್ಷೆ ಏನೇ ಇದ್ದರೂ ಬಂದ ದಿನವೇ ಮಾಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ, ಚೀಟಿ ಕೀಳದೆ. ಪೆಟ್ಟಿಗೆ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಇರಲಿ. ಒದ್ದೆ ಬಿಳಿ ಕರ್ಚೀಫಿನಿಂದ ಒಳಗಿನ ಹೊಲಿಗೆ ಪಕ್ಕ ಹತ್ತು ಸಲ ಉಜ್ಜಿದರೆ ಬಣ್ಣ ಬಿಡುವುದು ತಿಳಿಯುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಣ್ಣ ಹಾಕುವಾಗ ತೊಟ್ಟಿಯಲ್ಲಿ ಉಪ್ಪು ಬೇಕು ನಿಜ, ಹಾಕಿ ಮುಗಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಇನ್ನು, ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ, 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆದರೆ ಎಸ್ಟೇಟ್ ಕಡೆಯ ಎಷ್ಟೋ ಪಿನ್‌ಕೋಡ್‌ಗಳಿಗೆ ಪಾರ್ಸೆಲ್ ತಂದುಕೊಡುವವರಿದ್ದಾರೆ, ವಾಪಸ್ ಒಯ್ಯುವವರಿಲ್ಲ. ಹಣ ಕಟ್ಟುವ ಮುಂಚೆ ನಿಮ್ಮ ಪಿನ್ ಹಾಕಿ ರಿಟರ್ನ್ ಪಿಕಪ್ ಇದೆಯೇ ನೋಡಿಕೊಳ್ಳಿ.

ಮನೆಯಲ್ಲೇ ಇರುವ ರೇಯಾನ್ ಕುರ್ತಾಗಳನ್ನು ಬಿಸಾಡಬೇಡಿ. ಕೊನೆಯ ಜಾಲಾಟದ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ, ಹಿಂಡದೆ ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಫ್ಯಾನ್ ಕೆಳಗೆ ಹರಡಿ. ಹತ್ತಿ ಸೀರೆಗಳಿಗೆ ಮಳೆಗಾಲ ಮುಗಿಯುವವರೆಗೆ ಗಂಜಿ ಬೇಡ, ಅದು ಬೂಷ್ಟಿಗೆ ಹಬ್ಬದೂಟ.

ಕೊನೆಗೆ ಆ ಗಿಡ್ಡವಾದ ಕುರ್ತಾ. ಮಗ್ಗದ ಮೇಲೆ ನೂಲನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ, ಮೊದಲ ಸಲ ನೀರು ಕಂಡಾಗ ಆ ಬಿಗಿ ಸಡಿಲಿ ಬಟ್ಟೆ ಹಿಂದಕ್ಕೆ ಬರುತ್ತದೆ. ಮೊದಲೇ ಕುಗ್ಗಿಸದ ಹತ್ತಿಯಲ್ಲಿ ಶೇ 5ರವರೆಗೆ ಹೋಗುವುದು ಸಾಮಾನ್ಯ, 44 ಇಂಚಿನ ಕುರ್ತಾದಲ್ಲಿ ಅದು ಎರಡು ಇಂಚಿಗೆ ಸ್ವಲ್ಪ ಹೆಚ್ಚು. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಹಾಗಾಗಿ ಅದು ಹತ್ತಿ ಎಂದು ಹೇಳಿದ್ದು ಬಹುಶಃ ಸುಳ್ಳಲ್ಲ. ‘ಬಟ್ಟೆ ನೀರಿಗೆ ಹಾಕಿ ತನ್ನಿ’ ಎಂದು ಟೈಲರ್ ಹೇಳುವುದು ಇದಕ್ಕೇ. ಮುಂದಿನ ಸಲ ‘ಪ್ರೀ-ಶ್ರಂಕ್’ ಅಥವಾ ‘ಸ್ಯಾನ್‌ಫೊರೈಸ್ಡ್’, ಅಂದರೆ ಮೊದಲೇ ಕುಗ್ಗಿಸಿದ್ದು, ಎಂದಿದೆಯೇ ನೋಡಿ, ಇಲ್ಲದಿದ್ದರೆ ಉದ್ದದಲ್ಲಿ ಎರಡು ಇಂಚು ಹೆಚ್ಚಿರುವುದನ್ನು ಆರಿಸಿ. ಈಗಿರುವುದರ ಕೆಳ ಅಂಚನ್ನು ಮಗುಚಿ ನೋಡಿ. ಒಳಗೆ ಒಂದಿಂಚು ಬಟ್ಟೆ ಮಡಿಸಿ ಹೊಲಿದಿದ್ದರೆ ನಿಮ್ಮೂರಿನ ಟೈಲರ್ ಅದನ್ನು ಬಿಚ್ಚಿ, ಬೇರೆ ಪಟ್ಟಿ ಕೊಟ್ಟು ಇಳಿಸಿಕೊಡುತ್ತಾರೆ. ಇನ್ನು ಅದು ಕುಗ್ಗುವುದು ಬಹಳ ಕಡಿಮೆ.